ಕನ್ನಡಕವಿಲ್ಲದ ಅರ್ಧ ಗಂಟೆ

ಈಗ ನನ್ನ ಕನ್ನಡಕ ಎಷ್ಟೇ ಕೊಳಕಾದರೂ ಕಿತ್ತುಕೊಳ್ಳುವವರಿಲ್ಲ. ಚಿಕ್ಕಪ್ಪನಿದ್ದಾಗ ಹಾಗಲ್ಲ. ಮದುವೆಮನೆಯಿರಲಿ, ಸಾವಿನ ಮನೆಯಿರಲಿ, ಎದುರಿಗಿದ್ದವರ ಮೂಗಿನಿಂದ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, "ಈಗ ನೋಡಿ" ಎಂದು ಮತ್ತೆ ಏರಿಸುತ್ತಿದ್ದ. ಅವನ ಅಂಗಿಗಳಿಗೆ ತೇಪೆ ಹಾಕಿಯೇ ಚಿಕ್ಕಮ್ಮ ಮುದುಕಿಯಾದಳು.

ಅವನ ಕನ್ನಡಕದ ಅಂಗಡಿ ಸೇತುವೆಯ ಬುಡದಲ್ಲಿತ್ತು. ಆಚೆ ದಡದವರ ದೇವರು ಬೇರೆ, ಈಚೆಯವರದು ಬೇರೆ. ಒಬ್ಬರ ಚರಿತ್ರೆಯ ವೀರ ಇನ್ನೊಬ್ಬರ ಚರಿತ್ರೆಯಲ್ಲಿ ಕಳ್ಳ. ಕಣ್ಣು ಮಂಜಾಗುವುದು ಮಾತ್ರ ಎರಡೂ ಕಡೆ ನಲವತ್ತಕ್ಕೇ. ಆ ವರ್ಷ ನಾನು ಕಾಲೇಜಿಗಾಗಿ 'ನಾಗರಿಕತೆಗಳ ಸಂಘರ್ಷ' ಎಂಬ ಅರವತ್ತು ಪುಟದ ಪ್ರಬಂಧವನ್ನು ಅದೇ ಅಂಗಡಿಯ ಮೂಲೆಯಲ್ಲಿ ಕೂತು ಗೀಚುತ್ತಿದ್ದೆ.

ಒಂದು ಸಂಜೆ ಸೇತುವೆಯ ಮೇಲೆ ಎರಡೂ ಕಡೆಯ ಮೆರವಣಿಗೆಗಳು ಎದುರುಬದುರಾಗಿ ಕೈಕೈ ಮಿಲಾಯಿಸಿದವು. ಮರುದಿನ ಬೆಳಿಗ್ಗೆ ಆಚೆ ದಡದ ಮುಖಂಡರಾದ ನಿವೃತ್ತ ಮೇಷ್ಟ್ರು, ಮುರಿದ ಕನ್ನಡಕ ಹಿಡಿದು ಗೋಡೆ ತಡವುತ್ತ ಬಂದರು. ಚಿಕ್ಕಪ್ಪ ಅವರನ್ನು ಬೆಂಚಿನ ಮೇಲೆ ಕೂರಿಸಿ ರಿಪೇರಿಗೆ ತೊಡಗಿದ. ಐದೇ ನಿಮಿಷಕ್ಕೆ ಈಚೆಯ ಮುಖಂಡರಾದ ದಿನಸಿ ಸಾಹುಕಾರರು ತಮ್ಮ ಮುರಿದ ಕನ್ನಡಕ ಹಿಡಿದು, ಇನ್ನೊಂದು ಕಡೆಯಿಂದ ಅದೇ ಗೋಡೆ ತಡವುತ್ತ ಬಂದು, ಅದೇ ಬೆಂಚಿನಲ್ಲಿ ಕೂತರು. ಚಿಕ್ಕಪ್ಪನ ಕೈಯಿಂದ ಸ್ಕ್ರೂ ಜಾರಿತು. ಅಂಗಡಿಯ ತುಂಬ ಗಾಜು. ಇವರಿಬ್ಬರಿಗೂ ಕಣ್ಣು ಬಂದರೆ ಗತಿ?

ಅವರಿಗೋ, ಒಬ್ಬರ ದನಿ ಇನ್ನೊಬ್ಬರಿಗೆ ಗೊತ್ತಾಗುತ್ತಿದ್ದುದು ಮೈಕಿನಲ್ಲಿ ಕಿರುಚಿದಾಗಷ್ಟೇ.

"ಸ್ವಲ್ಪ ಜರುಗಿ ಅಣ್ಣಾ, ಮೊಣಕಾಲು ಮಡಚೋಕಾಗಲ್ಲ ನಂಗೆ," ಎಂದರು ಮೇಷ್ಟ್ರು.

"ಬಿಸಿನೀರಿನ ಶಾಖ ಕೊಡಿ. ನಮ್ಮವಳು ನಂಗೆ ದಿನಾ ಕೊಡ್ತಾಳೆ, ಬೈಕೊಂಡೇ."

"ಬೈಯೋರಿದ್ದಾರಲ್ಲ, ಪುಣ್ಯವಂತರು ನೀವು. ನನ್ನವಳು ಹೋಗಿ ಎರಡು ವರ್ಷ."

ಸಾಹುಕಾರರು ಬೆಂಚು ತಡವಿ ಮೇಷ್ಟ್ರ ಕೈ ಹಿಡಿದುಕೊಂಡರು. ಆಮೇಲೆ ತಮ್ಮದನ್ನೂ ಬಿಚ್ಚಿದರು. "ನನ್ನ ಅಳಿಯ ಕೆಲಸ ಇಲ್ದೆ ಮನೇಲಿ ಕೂತಿದ್ದಾನೆ. ಮಗಳ ಮುಖ ನೋಡೋಕಾಗಲ್ಲ. ಇವತ್ತಂತೂ ಯಾರ ಮುಖಾನೂ ನೋಡೋಕಾಗಲ್ಲ ಬಿಡಿ!"

ಇಬ್ಬರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಹತ್ತು ನಿಮಿಷದ ಕೆಲಸವನ್ನು ಅರ್ಧ ಗಂಟೆ ಎಳೆದ, ಒರೆಸಿದ್ದನ್ನೇ ಒರೆಸಿದ. ಕೊನೆಗೆ ಮೇಷ್ಟ್ರು "ಆಯ್ತೇನಪ್ಪಾ?" ಎಂದು ಎದ್ದೇ ಬಂದಾಗ ಬೇರೆ ದಾರಿಯಿರಲಿಲ್ಲ. ಕನ್ನಡಕವನ್ನು ಅವರ ಮೂಗಿಗೇರಿಸಿ, ಗಾಜಿನ ಬೀರುವಿಗೆ ಅಡ್ಡ ನಿಂತ.

ಮೇಷ್ಟ್ರು ತಿರುಗಿ ಬೆಂಚಿನತ್ತ ನೋಡಿದರು. ನೋಡುತ್ತಲೇ ನಿಂತರು.

"ಹೇಗಿದೆ ಅಣ್ಣಾ? ಚೆನ್ನಾಗಿ ಕಾಣುತ್ತಾ?" ಸಾಹುಕಾರರು ತಮ್ಮ ಮಂಜಿನೊಳಗಿಂದ ಕೇಳಿದರು.

"ಕಾಣುತ್ತೆ," ಎಂದರು ಮೇಷ್ಟ್ರು. ಬಾಗಿಲವರೆಗೆ ಬಂದ ಚಿಕ್ಕಪ್ಪನ ಕಿವಿಯ ಹತ್ತಿರ ಬಾಗಿ, "ನಾನು ಸೇತುವೆ ದಾಟಿದ ಮೇಲೆ ಅವರದ್ದು ಕೊಡಿ," ಎಂದು ಹೊರಟುಹೋದರು.

"ಯಾರಪ್ಪಾ ಅವರು? ಒಳ್ಳೇ ಮನುಷ್ಯ," ಎಂದರು ಸಾಹುಕಾರರು.

"ಯಾರೋ ಗಿರಾಕಿ," ಎಂದ ಚಿಕ್ಕಪ್ಪ.

ಭಾಷಣಗಳೇನೂ ನಿಲ್ಲಲಿಲ್ಲ. ನನ್ನ ಪ್ರಬಂಧಕ್ಕೆ ಬಹುಮಾನವೂ ಬಂತು. ಆ ಬೆಂಚನ್ನು ಮಾತ್ರ ನಾನು ಅದರಲ್ಲಿ ಸೇರಿಸಿರಲಿಲ್ಲ. ಆಧಾರಗ್ರಂಥ ಯಾವುದು ಅಂತ ಕೇಳುತ್ತಾರಲ್ಲ! ಆದರೆ ಕಣ್ಣು ತೋರಿಸಲು ಬಂದಾಗಲೆಲ್ಲ ಸಾಹುಕಾರರು, "ಆ ಮೊಣಕಾಲಿನವರು ಹೇಗಿದ್ದಾರೆ?" ಎಂದು ಕೇಳುತ್ತಿದ್ದರು. ಮೇಷ್ಟ್ರು ಬೇರೆ ದಿನ ಬಂದು, ಗೋಡೆ ನೋಡುತ್ತ, "ಅಳಿಯನಿಗೆ ಕೆಲಸ ಆಯ್ತಂತಾ?" ಎನ್ನುತ್ತಿದ್ದರು. ಚಿಕ್ಕಪ್ಪ ಎರಡಕ್ಕೂ ಉತ್ತರ ವಿಚಾರಿಸಿಟ್ಟುಕೊಂಡಿರುತ್ತಿದ್ದ.

"ಆಯ್ತಂತೆ ಮೇಷ್ಟ್ರೇ" ಎಂದ ದಿನ, ಅವರು ತಮ್ಮ ಕನ್ನಡಕವನ್ನು ತಾವೇ ಕಳಚಿ, ಒರೆಸಲೆಂದು ಚಿಕ್ಕಪ್ಪನ ಕೈಗಿಟ್ಟರು.