ಅಳಿಸಲು ಎರಡು ಊರು

ನಮ್ಮದು ಮೂರು ಊರಿನ ಫೋಟೊ ಸ್ಟುಡಿಯೊ. ಸಿಂಧನೂರಿನಲ್ಲಿ ನಾನು, ಲಿಂಗಸುಗೂರಿನಲ್ಲಿ ಅಣ್ಣ, ಮಸ್ಕಿಯಲ್ಲಿ ಅಕ್ಕ ಮತ್ತು ಅವಳ ಗಂಡ. ಎಲ್ಲೇ ತೆಗೆದ ವಿಡಿಯೊ ಆದರೂ ಮೂರೂ ಕಂಪ್ಯೂಟರಿಗೆ ತಾನೇ ಹೋಗಿ ಕೂರುವಂತೆ ಜೋಡಿಸಿದವನು ನಾನು. ಒಂದು ಕಡೆ ಕಳೆದುಹೋದರೆ ಉಳಿದೆರಡು ಮರಳಿ ತುಂಬಿಕೊಡುತ್ತವೆ. ಅಳಿಸಬೇಕೆಂದರೆ ಎರಡು ಊರು ಒಪ್ಪಬೇಕು. "ಇದಕ್ಕೂ ಪಂಚಾಯ್ತಿ ಇಟ್ಟಿಯೇನಲೇ," ಎಂದು ಅಕ್ಕ ನಕ್ಕಿದ್ದಳು.

ಅಕ್ಕ ತೀರಿಕೊಂಡ ಮೇಲೆ ಅವಳ ದನಿ ಇದ್ದ ವಿಡಿಯೊ ಒಂದೇ ಉಳಿಯಿತು. ಎಳ್ಳಮಾಸಿ ಹಬ್ಬಕ್ಕೆ ಗೊರೇಬಾಳದ ನಮ್ಮ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವಾಗ ತೆಗೆದದ್ದು. "ಅವ್ವಾ, ಬದುವಿನ ಆಕಡೆ ಹೋಗಬ್ಯಾಡ, ಕೆಸರೈತಿ," ಎಂದು ಕೂಗುತ್ತಾಳೆ, ಅಷ್ಟೇ. ಅವ್ವ ದಿನಾ ಮಧ್ಯಾಹ್ನ ಅಂಗಡಿಗೆ ಬಂದು ಅದನ್ನು ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಪಕ್ಕದಲ್ಲೇ ಆಲ್ಬಂ ಜೋಡಿಸುತ್ತಿದ್ದೆ. ಏನೂ ಅನಿಸುತ್ತಿರಲಿಲ್ಲ. ಅನಿಸದಿದ್ದುದಕ್ಕೆ ನನ್ನ ಮೇಲೆ ನನಗೆ ಸಿಟ್ಟೂ ಬರುತ್ತಿರಲಿಲ್ಲ.

ಮಾವ, ಎಂದರೆ ಅಕ್ಕನ ಗಂಡ, ಮತ್ತೆ ಮದುವೆಯಾದರು. ಹೊಸದಾಗಿ ಬಂದವಳು ಮಸ್ಕಿಯ ಅಂಗಡಿಯಲ್ಲಿ ಕೂತು ಕೆಲಸ ಕಲಿಯತೊಡಗಿದಳು. ಒಂದು ದಿನ ಮಾವ ಫೋನು ಮಾಡಿದರು.

"ಆ ಹೊಲದ ವಿಡಿಯೊ ಅಳಿಸೀನಿ. ಮುಂಜಾನೆ ನೋಡಿದ್ರ ಮತ್ತ ಬಂದು ಕುಂತೈತಿ. ಈಕಿ ಬಾಯಿಬಿಟ್ಟು ಏನೂ ಅನ್ನಂಗಿಲ್ಲ. ಅದು ಕಂಡ್ರ ಎದ್ದು ಒಳಗ ಹೋಗ್ತಾಳ. ನೀ ಹೂಂ ಅಂದ್ರ ಆತು."

ನಾನು ಹೂಂ ಎಂದರೆ ಎರಡು ಊರಾಯಿತು, ಲಿಂಗಸುಗೂರಿನದೂ ತಾನಾಗಿ ಹೋಗುತ್ತದೆ. ಅಣ್ಣನನ್ನು ಕೇಳುವ ಅಗತ್ಯ ಯಂತ್ರಕ್ಕಿರಲಿಲ್ಲ. ನಾನು ಕೇಳಿದೆ. "ಅವ್ವ ಹೆಂಗಂತಾಳ ಹಂಗ," ಎಂದ.

ಅವ್ವ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವಳಲ್ಲ. "ತೆಗಿ," ಅಂದಳು.

"ಪೆನ್‌ಡ್ರೈವಿನ್ಯಾಗ ಒಂದು ಹಾಕಿಡ್ತೀನಿ. ಅವರಿಗೆ ಗೊತ್ತಾಗಂಗಿಲ್ಲ."

"ಬ್ಯಾಡ. ನನ್ನ ಮಗಳನ್ನ ನಾ ಕದ್ದು ಕೇಳಬೇಕೇನು? ಬಂದಾಕಿನೂ ಯಾರದೋ ಮಗಳು. ಆಕೀನೂ ನೆಟ್ಟಗ ಕುಂದ್ರಬೇಕು."

ಕೊನೆಯದಾಗಿ ಒಮ್ಮೆ ಹಾಕು ಎಂದೂ ಅವಳು ಕೇಳಲಿಲ್ಲ. ನಾನು ಒತ್ತಿದೆ. ಮಾವನಿಗೆ ಆಯಿತೆಂದು ಹೇಳಿ, ಗಿರಾಕಿಯ ಪಾಸ್‌ಪೋರ್ಟ್ ಫೋಟೊ ಕತ್ತರಿಸಲು ಕೂತೆ.

ತಿಂಗಳೊಪ್ಪತ್ತಿನ ಮೇಲೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು. "ಆಕಿ ಅಂದ ಮಾತು ನೆನಪೈತಿ. ದನಿ ನೆನಪಾಗವಲ್ದು. ನಿನಗರೆ ಐತೇನು?"

"ಐತಬೇ," ಎಂದೆ.

ಇರಲಿಲ್ಲ.