ಸೇತುವೆಯ ಮೇಲೆ ನಿಂತವಳು

ಭಾಲ್ಕಿಯ ಕಾಲೇಜಿನಲ್ಲಿ ಹೊರದೇಶಗಳ ನವ್ಯ ಕಾದಂಬರಿಗಳ ಪಾಠ ನನ್ನದು. ಅವುಗಳಲ್ಲಿ ಒಂದನ್ನು ಹನ್ನೊಂದು ವರ್ಷದಿಂದ ಲೈಬ್ರರಿಯ ಒಂದೇ ಪ್ರತಿ ಇಟ್ಟುಕೊಂಡು ಹೇಳುತ್ತ ಬಂದಿದ್ದೆ. ಮನೆ ಬಿಟ್ಟು ಬಂದ ಹೆಂಗಸು ಸೇತುವೆಯ ಮೇಲೆ ನಿಲ್ಲುತ್ತಾಳೆ, ಅಲ್ಲಿಗೆ ಕಾದಂಬರಿ ಅರ್ಧ ವಾಕ್ಯದಲ್ಲೇ ಮುಗಿಯುತ್ತದೆ. "ಬದುಕಿಗೆ ಪೂರ್ಣವಿರಾಮವಿಲ್ಲ, ನವ್ಯತೆ ಅಂದರೆ ಇದೇ" ಎಂದು ನೋಟ್ಸ್ ಬರೆಸುತ್ತಿದ್ದೆ. ಹೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು.

ಕಳೆದ ವರ್ಷ ಔರಾದ್ ಕಡೆಯ ಒಬ್ಬ ವಿದ್ಯಾರ್ಥಿನಿ ಕ್ಲಾಸು ಮುಗಿದ ಮೇಲೆ ಮೊಬೈಲ್ ಹಿಡಿದು ಬಂದಳು. ರಜೆಯಲ್ಲಿ ಕುರಿ ಮೇಯಿಸುತ್ತ ಇಡೀ ಕಾದಂಬರಿಯನ್ನು ಅದರಲ್ಲೇ ಓದಿದ್ದಳಂತೆ.

"ಸರ್, ಸೇತುವಿ ಆದಮ್ಯಾಲ ಇನ್ನಾ ನಲವತ್ತು ಪೇಜ್ ಅವರಿ. ಆಕಿ ತಿರುಗಿ ಮನಿಗಿ ಹೋಗ್ತಾಳ್ರಿ. ಒಲಿ ಹಚ್ತಾಳ್ರಿ."

ಎಂದೋ ರಟ್ಟು ಕಟ್ಟಿಸುವಾಗಲೇ ನಮ್ಮ ಪ್ರತಿಯ ಕೊನೆಯ ಹಾಳೆಗಳು ಉದುರಿಹೋಗಿದ್ದವೆಂದು ಆಗ ಹೊಳೆಯಿತು.

"ಪರೀಕ್ಷಾದಾಗ ಯಾವ್ದು ಬರೀಲಿರಿ?"

ಪೇಪರ್ ತಿದ್ದುವವರಲ್ಲಿ ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳು. ಅವರ ಕೈಯಲ್ಲಿರುವುದೂ ನನ್ನ ನೋಟ್ಸೇ.

"ನೋಟ್ಸಿನಾಗ ಇದ್ದದ್ದೇ ಬರಿಯವ್ವ," ಅಂದೆ.

ಅವಳು "ನೀವೂ ಒಮ್ಮಿ ಓದ್ರಿ ಸರ್, ಛಂದ ಅದ," ಎಂದು ಆ ಪುಟಗಳನ್ನು ನನ್ನ ಫೋನಿಗೆ ಕಳಿಸಿ ಹೋದಳು.

ಬೀದರಿನ ಬಸ್ಸಿನಲ್ಲಿ ಕೂತು, ಅಲ್ಲಿನ ಮೈಲೂರು ಬಡಾವಣೆಯ ನನ್ನ ಮನೆ ಸೇರುವುದರೊಳಗೆ ಓದಿ ಮುಗಿಸಿದೆ. ಮನೆಗೆ ಮರಳಿದವಳನ್ನು ಎಲ್ಲಿಗೆ ಹೋಗಿದ್ದೆ ಎಂದು ಯಾರೂ ಕೇಳುವುದಿಲ್ಲ. ಇಡೀ ಕಾದಂಬರಿಯ ಜೀವ ಇದ್ದದ್ದೇ ಅಲ್ಲಿ.

ನೋಟ್ಸಿನಂತೆ ಬರೆದ ಹುಡುಗಿಗೆ ಒಳ್ಳೆಯ ಅಂಕ ಬಂತು. ಆ ಹೆಂಗಸನ್ನು ನಾನು ಈ ವರ್ಷವೂ ಸೇತುವೆಯ ಮೇಲೇ ನಿಲ್ಲಿಸಿ ಬಂದಿದ್ದೇನೆ. ಈಗ ಗಂಟಲು ಮಾತ್ರ ಕಟ್ಟುವುದಿಲ್ಲ.