ಉಪ್ಪಾರಹಳ್ಳಿಯಲ್ಲಿ ಕುರ್ದಿ ಮಾತುಕತೆ

ಇರಾಕಿನಿಂದ ನಮ್ಮ ಕಾಲೇಜಿಗೆ ಓದಲು ಬಂದಿದ್ದ ಇಬ್ಬರು ಕುರ್ದಿ ಹುಡುಗರಿಗೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆ ತೋರಿಸಲು ಹೋಗಿದ್ದೆ. ಮನೆ ಓನರ್ ಗಂಗಮ್ಮನವರ ಹಣೆ ತುಂಬ ವಿಭೂತಿ. "ನಮ್ಮನೇಲಿ ಮಾಂಸ ಬೇಯ್ಸಂಗಿಲ್ಲ ಮೇಷ್ಟ್ರೇ, ಹೇಳ್ಬುಡಿ" ಅಂದರು. ಹುಡುಗರಿಗೆ ಇಂಗ್ಲಿಷಿನಲ್ಲಿ ಹೇಳಿದೆ.

"ಅಡುಗೆಮನೆ ನಮ್ಮದಲ್ಲ ಅಂದ್ರೆ ಮನೆಯೇ ಬೇಡ" ಎಂದು ಅವರಲ್ಲೊಬ್ಬ, ಆಜಾದ್, ದಡಕ್ಕನೆ ಎದ್ದು ಗೇಟಿಗೆ ಹೋಗಿ ನಿಂತ. ಇನ್ನೊಬ್ಬ, ದಿಲ್ಶಾದ್, ಕೂತಲ್ಲಿಂದ ಏಳಲಿಲ್ಲ. ಇನ್ನೊಂದು ಲೋಟ ಕಾಫಿ ಕೇಳಿ ಕುಡಿದ. ಆಮೇಲೆ ಮೆಲ್ಲಗೆ ನನ್ನಿಂದ ಕೇಳಿಸಿದ: "ಟೆರೇಸ್ ಮೇಲೆ, ಬೇರೆ ಸ್ಟವ್, ಬೇರೆ ಪಾತ್ರೆ, ಭಾನುವಾರ ಮಾತ್ರ?"

ಗಂಗಮ್ಮ ಗೇಟಿನ ಕಡೆ ನೋಡಿದರು, ಖಾಲಿ ಲೋಟ ನೋಡಿದರು, ಒಪ್ಪಿದರು.

ದಾರಿಯಲ್ಲಿ ದಿಲ್ಶಾದ್ ನಕ್ಕ. "ನಮ್ಮ ಕಡೆ ಕುರ್ದರು ಸರ್ಕಾರದ ಹತ್ರ ಸ್ವಾಯತ್ತತೆ ಕೇಳೋದೂ ಹೀಗೇ ಸರ್. ಒಬ್ಬರು ಬಂದೂಕು ಹಿಡಿದು ಬೆಟ್ಟ ಇಳಿಯಲ್ಲ ಅಂತಾರೆ, ಇನ್ನೊಬ್ಬರು ಬಾಗ್ದಾದಲ್ಲಿ ಕೂತು ಟೀ ಕುಡೀತಾರೆ. ಆದ್ರೆ ಅವರು ಮೊದಲೇ ಮಾತಾಡ್ಕೊಂಡಿರಲ್ಲ. ನಾವು ಬಸ್ಸಲ್ಲಿ ನಿಮ್ಮ ಪಕ್ಕದಲ್ಲೇ ಕೂತು ಕುರ್ದಿಯಲ್ಲಿ ಮಾತಾಡ್ಕೊಂಡ್ವಿ."

ಭಲೇ ಅನ್ನಿಸಿತು. ಹುಡುಗರು ಆ ಮನೆಗೆ ವಾಸಕ್ಕೆ ಬಂದ ದಿನ ಗಂಗಮ್ಮನವರ ಮುಂದೆ ಈ ಜಾಣತನ ಹೊಗಳಿದೆ.

"ನಂಗವತ್ತೇ ಗೊತ್ತಾಯ್ತು ಬುಡಿ ಮೇಷ್ಟ್ರೇ" ಅಂದರು. "ಹೋಗ್ತೀನಿ ಅಂತ ಗೇಟಿಗೋದೋನ ಚಪ್ಪಲಿ ನಮ್ ಬಾಗಿಲಲ್ಲೇ ಇತ್ತಲ್ಲ!"